ಕಿಟಕಿಗೆ ಹಿಡಿದ ಹಿಮ

ಮಾರ್ಚ್ ೪, ೧೯೪೨

ಗಂಜಿ ಕುಡಿಸಿದೆ. ಅತ್ತೆಯದು ಅದೇ ಪ್ರಶ್ನೆ — "ಸರೋಜ, ಹೂವು ಬಂತೇನೇ?" ಮಳೆಯೇ ಇಲ್ಲ, ಕಾಫಿ ಹೂವು ಎಲ್ಲಿಂದ ಬರಬೇಕು? ನೋಡಿಯೇ ಕಣ್ಣು ಮುಚ್ಚುತ್ತೇನೆಂದು ಹಟ. ಡಾಕ್ಟರೂ ಕೈ ಚೆಲ್ಲಿದ್ದಾರೆ.

ಸಂಜೆ

ಇವರು ಬಂಗಲೆಯಿಂದ ನಾಲ್ಕು ಚಿತ್ರ ತಂದರು. ಯುದ್ಧ ನಡೆದಿದೆಯಲ್ಲ, ಜಪಾನಿನದೆಲ್ಲ ಸುಟ್ಟುಹಾಕಿ ಎಂದು ಎಸ್ಟೇಟ್ ದೊರೆಯ ಆರ್ಡರ್. ಲೆಕ್ಕ ಬರೆಯುವ ರೈಟರ್ ಕೆಲಸದಲ್ಲಿ ಇದೂ ಒಂದು! ದೊರೆಸಾನಿ ಅತ್ತರಂತೆ, ಪಾಪ. ಮರದ ಹಲಗೆಯಲ್ಲಿ ಕೆತ್ತಿ ಒತ್ತಿದ್ದು, ನಾಲ್ಕು ಕಾಲಕ್ಕೆ ನಾಲ್ಕು. ಕೆರೆಯಂಚಿನ ಹೂಮರ. ಸೇತುವೆಯ ಮೇಲೆ ಮಳೆ — ಮಳೆಯನ್ನೂ ಒಂದೊಂದೇ ಗೆರೆ ಎಳೆದು ತೋರಿಸಿದ್ದಾನೆ ಮಾರಾಯ! ಕೆಂಪೆಲೆಯ ಕಾಡು. ಹಿಮ ಬಿದ್ದ ಗುಡ್ಡ, ಕೊಡೆ ಹಿಡಿದು ಹೋಗುವವನೊಬ್ಬ, ಪೊದೆಯೆಲ್ಲ ಬೆಳ್ಳಗೆ... ಥೇಟ್ ನಮ್ಮ ತೋಟ ಹೂಬಿಟ್ಟಂತೆ. ಮೂರು ಸುಟ್ಟರು. ಹಿಮದ್ದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡೆ.

ಮಾರ್ಚ್ ೬

ಚಿತ್ರವನ್ನು ಕಿಟಕಿಗೆ ಹಿಡಿದು "ನೋಡಿ ಅತ್ತೆ" ಎಂದೆ. ಪೊರೆ ಬಂದ ಕಣ್ಣು. ಹೊರಗಿನ ಗುಡ್ಡವೆಂದೇ ನಂಬಿದರು. ಮುಖ ಅರಳಿತು. ಆಮೇಲೆ — "ಅಲ್ಲಿ ಯಾರೋ ಕೊಡೆ ಹಿಡ್ಕಂಡು ಹೋಗ್ತಿದಾರಲ್ಲೇ! ಬಿಟ್ಟ ಹೂವಿನ ಮೇಲೆ ಮಳೆ ಬಿತ್ತಾ?"

ಅಯ್ಯೋ ದೇವರೇ. ಅರಳಿದ ದಿನ ಮಳೆ ಬಿದ್ದರೆ ಹೂವು ಕೊಳೆಯುತ್ತದೆ, ಕಾಯಿ ಕಟ್ಟುವುದಿಲ್ಲ. ನನಗೇಕೆ ಹೊಳೆಯಲಿಲ್ಲ! "ವರ್ಷದ ಅನ್ನ ಹೋಯ್ತಲ್ಲೇ" ಎಂದು ಅತ್ತರು. ಇದು ಜಪಾನು, ಅದು ಹಿಮ ಎಂದು ಕಾಗದ ಮುಟ್ಟಿಸಿದೆ. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಮಗಾ" ಎಂದರು.

ಮಾರ್ಚ್ ೯

ಗಂಜಿಯೂ ಬೇಡವಂತೆ. ಇವರಿಗೆ ಎಲ್ಲ ಹೇಳಿದೆ. "ಕೆಲಸ ಹೋಗ್ತಿತ್ತಲ್ಲೇ" ಎಂದರು, ಬೈಯಲಿಲ್ಲ. ನಾನೇ ಚಿತ್ರವನ್ನು ಒಲೆಗೆ ಹಾಕಿದೆ.

ಮಾರ್ಚ್ ೧೨

ಮಳೆ! ಹದವಾದ ಮಳೆ. ಆಳುಗಳೆಲ್ಲ ಕುಣಿದರು. ಅತ್ತೆ ಮಾತ್ರ ಗೋಡೆಗೆ ತಿರುಗಿ, "ಈಗ್ಯಾಕೆ ಬಂತು, ಎಲ್ಲ ಹೋದ್ಮೇಲೆ" ಎಂದರು.

ಮಾರ್ಚ್ ೨೧

ಇಡೀ ಗುಡ್ಡ ಬೆಳ್ಳಗೆ! ಒಂದು ರೆಂಬೆ ಮುರಿದು ಓಡಿ ಬಂದೆ. ಅತ್ತೆ ಮೂಸಿದರು, ಕೆನ್ನೆಗೆ ಒತ್ತಿಕೊಂಡರು. "ಒದ್ದೆಯಿಲ್ಲ ಕಣೇ! ಒಂದು ಹನಿ ಬಿದ್ದಿಲ್ಲ!" ಇಷ್ಟು ದಿನದ ಮೇಲೆ ಲೋಟ ತುಂಬ ಗಂಜಿ ಕುಡಿದರು. ನಾನೂ ಅತ್ತುಬಿಟ್ಟೆ. ಹೂವನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದಾರೆ.

ಮಧ್ಯಾಹ್ನ ಮೂರು

ಗುಡುಗು. ಇವರು ಅಂಗಳದಲ್ಲಿ ಆಕಾಶ ನೋಡುತ್ತ ನಿಂತಿದ್ದಾರೆ. ಕಿಟಕಿ ಮುಚ್ಚಿದೆ. "ಯಾಕೇ?" ಬಿಸಿಲು ಅತ್ತೆ, ಎಂದೆ. ತಗಡಿನ ಮೇಲೆ ಹನಿ ಬೀಳುತ್ತಿದೆ. ಕಣ್ಣು ಹೋದರೂ ಕಿವಿ ಚುರುಕು ಅವರಿಗೆ. ಬೀಸುಕಲ್ಲಿಗೆ ರಾಗಿ ಸುರಿದು ಜೋರಾಗಿ ಬೀಸಬೇಕು, ಹಾಡಿಕೊಂಡು, ಇನ್ನೂ ಜೋರಾಗಿ —