ಬೆನ್ನು ತಟ್ಟುವ ಕೈ

ಮಾರ್ಚ್ 3, ಸೋಮವಾರ, ಬೆಳಿಗ್ಗೆ 7.10

ತೂಕ 58.9. ಶುಕ್ರವಾರ 57 ತೋರಿಸಬೇಕು. ಆಗುತ್ತೆ. ಎರಡು ಜಾಕೆಟ್ ಹಾಕಿಕೊಂಡು ಎಂಟು ಕಿಲೋಮೀಟರ್ ಓಡಿ ಬಂದೆ. ಎದುರುಮನೆ ನಾಯಿಗೂ ಈಗ ನನ್ನ ಮೇಲೆ ಕನಿಕರ ಬಂದಿದೆ, ಬೊಗಳುವುದು ಬಿಟ್ಟಿದೆ.

ಅತ್ತೆ ಮೊಟ್ಟೆ ಬೇಯಿಸಿ, ಹಳದಿ ತೆಗೆದು ಇಟ್ಟಿದ್ದರು. "ಹಳದಿ ಎಲ್ಲಾ ನಾನೇ ತಿಂತಿದೀನಿ. ನಿನ್ನ ಫೈಟಿಂದ ನನ್ನ ತೂಕ ಏರ್ತಿದೆ" ಅಂದರು. ಮೂವತ್ತು ವರ್ಷ ಗಣಿತದ ಟೀಚರ್ ಆಗಿದ್ದವರು. ನನ್ನ ಪ್ರತಿ ಫೈಟಿಗೂ ಬಂದು ಮುಂದಿನ ಸಾಲಲ್ಲಿ ಕೂತು, ನೋಟ್‌ಬುಕ್ಕಲ್ಲಿ ಮಾರ್ಕ್ಸ್ ಹಾಕುತ್ತಾರೆ. ಜಡ್ಜ್‌ಗಳಿಗಿಂತ ಬಿಗಿ ಕೈ. ಸೊಸೆ ಅಂತ ಅರ್ಧ ಮಾರ್ಕೂ ಬಿಟ್ಟವರಲ್ಲ.

ಫೈಟ್ ನಡೆಸುವ ಕಂಪನಿಯ ಕರಾರಿನಲ್ಲಿ ಉಳಿದಿರುವುದು ಎರಡೇ ಫೈಟ್. ಕಳೆದೆರಡೂ ಸೋತಿದ್ದೇನೆ. ಈ ಸಲದ ಎದುರಾಳಿಗೆ ಇಪ್ಪತ್ತಾರು. ಕಾಲಲ್ಲೇ ಕತ್ತು ಹಿಡಿಯುತ್ತಾಳೆ, ಅದಕ್ಕೆ ಎಲ್ಲರ ಬಾಯಲ್ಲೂ ಅವಳು ಕತ್ತರಿ. ನನಗೆ ಮೂವತ್ತಾರು. ಎರಡು ಮೊಣಕಾಲಿಗೂ ಈಗೀಗ ಸ್ವಂತ ಅಭಿಪ್ರಾಯ ಇದೆ. ಆದರೂ… ಮೈ ಚೆನ್ನಾಗಿದೆ. ಗೆಲ್ಲುತ್ತೇನೆ ಅನ್ನಿಸುತ್ತಿದೆ.

ಮಾರ್ಚ್ 9, ಭಾನುವಾರ, ಮಧ್ಯಾಹ್ನ

ಸೋತೆ. ಹೇಗೆ ಅಂತ ಬರೆಯಲು ನಾಚಿಕೆ. ಆದರೆ ಇಲ್ಲಿ ಬಿಟ್ಟು ಬೇರೆ ಎಲ್ಲಿ ಹೇಳಿಕೊಳ್ಳಲಿ?

ನಮ್ಮ ಆಟದಲ್ಲಿ ಹಿಡಿತ ತಡೆಯಲಾಗದಿದ್ದರೆ ಎರಡು ಸಲ ತಟ್ಟಬೇಕು. ಎದುರಾಳಿಯ ಮೈ ಮೇಲೋ, ಮ್ಯಾಟ್ ಮೇಲೋ. ಟ್ಯಾಪ್. ಸೋತೆ, ಬಿಡು ಅಂತ. ಜಿಮ್‌ನಲ್ಲಿ ದಿನಕ್ಕೆ ಐವತ್ತು ಸಲ ತಟ್ಟುತ್ತೇವೆ, ಬಿಡುತ್ತೇವೆ, ಮತ್ತೆ ಹಿಡಿಯುತ್ತೇವೆ. ನನಗೆ ಇನ್ನೊಂದು ಚಾಳಿ ಇದೆ. ಜೊತೆಯವರು ಒಳ್ಳೆ ಪಟ್ಟು ಹಾಕಿದರೆ ಬೆನ್ನು ತಟ್ಟುತ್ತೇನೆ. ನನ್ನನ್ನೇ ಎತ್ತಿ ಒಗೆದರೂ ತಟ್ಟುತ್ತೇನೆ. ಹದಿನಾಲ್ಕು ವರ್ಷದ ಅಭ್ಯಾಸ. ಜಿಮ್‌ನಲ್ಲಿ ಯಾವ ತಟ್ಟು ಯಾವುದು ಅಂತ ಎಲ್ಲರಿಗೂ ಗೊತ್ತು.

ನಿನ್ನೆ ಎರಡನೇ ರೌಂಡ್. ಕತ್ತರಿ ಸೊಂಟ ಒಳಗೆ ಕೊಟ್ಟು ನನ್ನನ್ನು ಎತ್ತಿದಳು. ಎಂಥ ಎಸೆತ ಅಂತೀರಿ… ಗಾಳಿಯಲ್ಲಿ ಇರುವಾಗಲೇ ಖುಷಿಯಾಯಿತು. ಬೆನ್ನು ಮ್ಯಾಟಿಗೆ ತಾಗಿತು, ಅವಳು ಮೇಲೆ ಬಿದ್ದಳು, ನನ್ನ ಕೈ ತನ್ನ ಪಾಡಿಗೆ ಹೋಗಿ ಅವಳ ಬೆನ್ನನ್ನು ಎರಡು ಸಲ ತಟ್ಟಿತು. ರೆಫರಿ ಹಾರಿ ಮಧ್ಯೆ ಬಂದ. ಪಾಪ, ಅವಳಿಗೇನೋ ಪೆಟ್ಟಾಯಿತು ಅಂದುಕೊಂಡೆ. ನೋಡಿದರೆ ಅವಳ ಕೈ ಎತ್ತುತ್ತಿದ್ದಾನೆ.

ಕೋಚ್ ಆ ರಾತ್ರಿಯೇ ಕಂಪನಿಗೆ ಅಪೀಲು ಬರೆದು ಹಾಕಿದರು. ಅತ್ತೆಯ ನೋಟ್‌ಬುಕ್ ಕದ್ದು ನೋಡಿದೆ: "ಎರಡನೇ ರೌಂಡ್ — ಉತ್ತರ ಪತ್ರಿಕೆ ಅರ್ಧಕ್ಕೇ ಕೊಟ್ಟು ಎದ್ದಳು."

ಮಾರ್ಚ್ 12, ಬುಧವಾರ

ಕಂಪನಿಯ ಫೋನ್ ಬಂತು. ನಮ್ಮ ಅಪೀಲು ಬಿದ್ದುಹೋಗಿದೆ. ಟ್ಯಾಪ್ ಅಂದರೆ ಟ್ಯಾಪ್. ಆದರೆ ಆ ವಿಡಿಯೋವನ್ನು ಜನ ಬಿದ್ದು ಬಿದ್ದು ನೋಡುತ್ತಿದ್ದಾರಂತೆ, ಅದಕ್ಕೆ ಮೇ 17ಕ್ಕೆ ಮತ್ತೆ ಅವಳ ಜೊತೆಯೇ ಫೈಟ್. ಕರಾರಿನ ಕೊನೆಯದು. ಸೋತರೆ ಮುಂದುವರಿಸುವುದಿಲ್ಲ ಅಂತ ಮೆತ್ತಗೆ ಹೇಳಿದರು.

ಮೂವತ್ತಾರಕ್ಕೆ ಬೇರೆ ಯಾವ ಕಂಪನಿ ಕರೆಯುತ್ತದೆ? ಕ್ಲಾಸ್ ತೆಗೆದುಕೊಂಡು ಬದುಕಬಹುದು, ಗೊತ್ತು. ಆದರೆ ನನಗೆ ಇನ್ನೂ ಫೈಟ್ ಮಾಡಬೇಕು. ಇಷ್ಟು ಆಸೆ ಇದೆ ಅಂತ ಆ ಫೋನ್ ಇಟ್ಟ ಮೇಲೇ ಗೊತ್ತಾಗಿದ್ದು.

ಮಾರ್ಚ್ 14

ಕೋಚ್ ಎದುರಿಗೆ ಕೂರಿಸಿಕೊಂಡರು. "ನಿನ್ನ ಕೈಗೆ ಮದ್ದು ಮಾಡ್ಬೇಕು." ಒಂದು ತಟ್ಟಿಗೆ ಇಪ್ಪತ್ತು ಬರ್ಪಿ, ಅಂದರೆ ನೆಲಕ್ಕೆ ಬಿದ್ದು, ಎದ್ದು, ಹಾರುವ ಕಸರತ್ತು. ಇವತ್ತಿನ ಲೆಕ್ಕ: ಹನ್ನೊಂದು ತಟ್ಟು. ಹನ್ನೊಂದನೆಯದು, ಬರ್ಪಿ ಎಣಿಸುತ್ತಿದ್ದ ನರ್ಸ್‌ಗೆ. ನರ್ಸ್ ಜಿಮ್‌ನಲ್ಲಿ ನನ್ನ ಅಭ್ಯಾಸದ ಜೋಡಿ, ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದು ನನ್ನನ್ನು ಹಿಂಡುವವಳು. ಚೆನ್ನಾಗಿ ಎಣಿಸಿದಳು, ತಟ್ಟಿಬಿಟ್ಟೆ. ಮೆಟ್ಟಿಲು ಹತ್ತಲು ಕಾಲು ಬರುತ್ತಿಲ್ಲ.

ಏಪ್ರಿಲ್ 2, ಬುಧವಾರ

ಅತ್ತೆಯ ಉಪಾಯ. "ಕೈ ಯಾಕೆ? ಬಾಯಿ ಇದೆಯಲ್ಲ. ಕ್ಲಾಸಲ್ಲಿ ನಾನು ಯಾವತ್ತಾದ್ರೂ ಎದ್ದು ಹೋಗಿ ಬೆನ್ನು ತಟ್ಟಿದೀನಾ? ಕೂತಲ್ಲೇ 'ಭೇಷ್' ಅಂತಿದ್ದೆ."

ಮಾಡಿ ನೋಡಿದೆ. ನರ್ಸ್ ನನ್ನ ಕತ್ತು ಹಿಡಿದಳು, ನಾನು "ಭೇಷ್" ಅಂದೆ, ಅವಳಿಗೆ ನಗು ಬಂದು ಹಿಡಿತ ಸಡಿಲವಾಯಿತು, ತಿರುಗಿ ಮೇಲೆ ಕೂತೆ. ಮೂರು ಸಲ ಹಾಗೇ ಆಯಿತು. ಬರ್ಪಿ ಸೊನ್ನೆ. ಇದು ಹೊಸ ಪಟ್ಟೇ ಆಗಬಹುದು ಅಂತ ಕೋಚ್ ಗಡ್ಡ ಕೆರೆದುಕೊಂಡರು.

ಏಪ್ರಿಲ್ 4

ಕೋಚ್ ನಿಯಮದ ಪುಸ್ತಕ ತಂದು ಮುಖಕ್ಕೆ ಹಿಡಿದರು. ಹಿಡಿತದಲ್ಲಿ ಸಿಕ್ಕಿರುವಾಗ ಬಾಯಲ್ಲಿ ಏನು ಸದ್ದು ಬಂದರೂ ಸೋಲು ಒಪ್ಪಿದ ಹಾಗೆ, ರೆಫರಿ ನಿಲ್ಲಿಸಬಹುದು.

"ಭೇಷ್ ಅಂದ್ರೂನಾ?"

"ಅಮ್ಮಾ ಅಂದ್ರೂ."

ಕೈಯೂ ಇಲ್ಲ, ಬಾಯಿಯೂ ಇಲ್ಲ.

ಏಪ್ರಿಲ್ 20, ಭಾನುವಾರ

ಹದಿನಾರು ದಿನ ಬರೆದಿಲ್ಲ. ಮನಸ್ಸು ಸರಿ ಇರಲಿಲ್ಲ. ತಟ್ಟಬಾರದು ಅಂತ ಮುಷ್ಟಿ ಬಿಗಿಹಿಡಿದೇ ಆಡುತ್ತಿದ್ದೆ. ಮುಷ್ಟಿ ಬಿಗಿದರೆ ಹಿಡಿತ ಎಲ್ಲಿಂದ ಬರಬೇಕು? ಹೊಸದಾಗಿ ಸೇರಿದ ಹುಡುಗಿಯರೂ ನನ್ನನ್ನು ಕೆಡವುತ್ತಿದ್ದಾರೆ. ನರ್ಸ್ ನಿನ್ನೆ ಬ್ಯಾಗ್ ತುಂಬುತ್ತಾ ಕೇಳಿದಳು, "ಅಕ್ಕಾ, ನನ್ ಮೇಲೆ ಕೋಪಾನಾ? ಏನ್ ಮಾಡಿದ್ರೂ ಸುಮ್ನಿರ್ತೀರಿ."

ಬೇಜಾರಾಯಿತು. ಈ ಜಿಮ್‌ಗೆ ನಾನು ಬಂದ ಮೊದಲ ತಿಂಗಳು ಹೊಡೆತ ತಿಂದು ತಿಂದು ಓಡಿಹೋಗಬೇಕು ಅಂತಿದ್ದಾಗ, ಒಬ್ಬಳು ದೊಡ್ಡವಳು ಬೆನ್ನು ತಟ್ಟಿದ್ದಳು. ಅದೊಂದಕ್ಕೆ ಮರುದಿನ ಬಂದೆ. ಹಾಗೇ ಹದಿನಾಲ್ಕು ವರ್ಷ ಬಂದೆ.

ಇವರ ಹತ್ತಿರ ಹೇಳಿಕೊಂಡೆ. ನನ್ನ ಯಜಮಾನರದು ಹಲ್ಲಿನ ಲ್ಯಾಬಿನಲ್ಲಿ ಕೆಲಸ, ಊರವರ ಹಲ್ಲುಸೆಟ್ಟೆಲ್ಲ ಇವರ ಕೈಯಲ್ಲೇ ಆಗುವುದು. ಫೈಟಲ್ಲಿ ಹಲ್ಲು ಕಾಯುವ ನನ್ನ ಮೌತ್‌ಗಾರ್ಡೂ ಇವರದೇ. ಒಂದು ನಿಮಿಷ ಯೋಚಿಸಿ, "ಇನ್ನೊಂದು ಪದರ ದಪ್ಪ ಮಾಡ್ಕೊಡ್ತೀನಿ. ಮೆಚ್ಚುಗೆ ಬಂದಾಗ ಕಚ್ಚು" ಅಂದರು.

ಏಪ್ರಿಲ್ 29

ಕಚ್ಚುತ್ತಿದ್ದೇನೆ. ಕೆಲಸ ಮಾಡುತ್ತಿದೆ. ಕೈ ಬಿಡಿಸಿಕೊಂಡಿತು, ಹಿಡಿತ ವಾಪಸ್ ಬಂತು, ಒಂದು ವಾರದಲ್ಲಿ ಒಂದೇ ಒಂದು ತಟ್ಟು. ರೌಂಡ್ ಮುಗಿದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬಾಕಿ ತೀರಿಸುತ್ತೇನೆ. ನರ್ಸ್ ಬೆನ್ನು ಕೊಟ್ಟು ನಿಂತು, "ಇವತ್ತಿಂದು ನಾಲ್ಕು ಬರ್ಬೇಕು" ಅಂತ ಜಗಳ ಮಾಡಿದಳು.

ಎರಡು ಮೌತ್‌ಗಾರ್ಡ್ ಕಚ್ಚಿ ತೂತಾಗಿವೆ. ಇವರಿಗೆ ಖುಷಿಯೋ ಖುಷಿ. ತೂತನ್ನು ಬೆಳಕಿಗೆ ಹಿಡಿದು, "ಇದು ಯಾವ ಪಟ್ಟಿಗೆ?" ಅಂತ ಕೇಳುತ್ತಾರೆ.

ಮೇ 16, ಶುಕ್ರವಾರ, ಸಂಜೆ 4

ತೂಕ 56.9. ಕತ್ತರಿ 57ಕ್ಕೆ ಸರಿಯಾಗಿ. ಫೋಟೋಗೆ ಮುಖಾಮುಖಿ ನಿಲ್ಲಿಸಿದರು. ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಕೇಳಿಯೇಬಿಟ್ಟೆ, "ಅವತ್ತು ನಾನು ಸೋತು ತಟ್ಟಿದ್ದಲ್ಲ ಅಂತ ನಿಂಗೆ ಗೊತ್ತಿತ್ತು ಅಲ್ವಾ?"

ಕಣ್ಣು ಮಿಟುಕಿಸಲಿಲ್ಲ. "ಗೊತ್ತಿತ್ತು. ರೆಫರಿ ಗೆದ್ದೆ ಅಂದಾಗ ಇಲ್ಲ ಅನ್ನೋಕೆ ನಾನ್ಯಾರು?" ಅಂದಳು. ಮೈ ಉರಿಯಿತು. ಕೋಚ್ ತೋಳು ಹಿಡಿದು ಆಚೆ ಕರೆದುಕೊಂಡು ಹೋದರು. ನಾಳೆ ಅವಳ ಯಾವ ಎಸೆತಕ್ಕೂ ಮೆಚ್ಚುಗೆ ಹುಟ್ಟುವುದಿಲ್ಲ, ಅದೊಂದು ಅನುಕೂಲ.

ಮೇ 18, ಭಾನುವಾರ, ಬೆಳಿಗ್ಗೆ

ಎಡಗಣ್ಣು ಮುಚ್ಚಿದೆ. ಒಂದೇ ಕಣ್ಣಲ್ಲಿ ಬರೆಯುತ್ತಿದ್ದೇನೆ.

ಮೊದಲ ರೌಂಡ್ ಅವಳದು. ಅದೇ ಎಸೆತ ಮತ್ತೆ ಹಾಕಿದಳು, ಅದೇ ಚೆಂದ. ಹಲ್ಲು ಕಚ್ಚಿದೆ. ಎರಡನೆಯದು ನನ್ನದು, ಇಡೀ ಐದು ನಿಮಿಷ ಅವಳನ್ನು ಕೇಜಿನ ತಂತಿಬೇಲಿಗೆ ಒತ್ತಿ ಇಟ್ಟಿದ್ದೆ. ಮೂರನೆಯದರಲ್ಲಿ ಇಬ್ಬರಿಗೂ ಉಸಿರಿಲ್ಲ. ಕೊನೆಯ ನಿಮಿಷ. ಅವಳ ಬಲಗೈ ನನ್ನ ಎರಡು ಕಾಲಿನ ಮಧ್ಯೆ ಸಿಕ್ಕಿತು. ಹಿಂದಕ್ಕೆ ವಾಲಿ ಮೊಣಕೈ ಎಳೆದೆ. ಅವಳು ಬೇಲಿ ಪಕ್ಕಕ್ಕೆ ಬಿದ್ದಿದ್ದಳು, ರೆಫರಿ ಈಚೆ ಕಡೆ ಇದ್ದ. ಅವಳ ಇನ್ನೊಂದು ಕೈ ನನ್ನ ತೊಡೆಗೆ ಎರಡು ಸಲ ತಟ್ಟಿತು.

ಬಿಟ್ಟೆ.

ರೆಫರಿ ಬಂದು ಮುಟ್ಟುವವರೆಗೆ ಬಿಡಬಾರದು ಅಂತ ಕೋಚ್ ಹದಿನಾಲ್ಕು ವರ್ಷ ಬಡಿದುಕೊಂಡಿದ್ದಾರೆ. ಆದರೆ ತಟ್ಟಿದರೆ ಬಿಡುವುದು ಅಂತ ಮೈಗೆ ಗೊತ್ತು, ಮೈ ಬಿಟ್ಟಿತು. ರೆಫರಿ ನೋಡಿರಲಿಲ್ಲ. "ಆಡಿ, ಆಡಿ" ಅಂದ. ಕೇಜಿನಾಚೆ ಕೋಚ್ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಹೋಯಿತು, ಎಲ್ಲ ಹೋಯಿತು ಅಂದುಕೊಂಡು ಎದ್ದು ಮತ್ತೆ ಫೈಟಿಗೆ ಕೈ ಮೇಲೆತ್ತಿದೆ. ಅಳು ಬರುತ್ತಿತ್ತು. ಮೂವತ್ತು ಸೆಕೆಂಡ್ ಇತ್ತು.

ಕತ್ತರಿ ಮೊಣಕಾಲ ಮೇಲಿದ್ದಳು, ಮೊಣಕೈ ಹಿಡಿದುಕೊಂಡು. ಅವಳ ಕೋಚ್ "ಹೊಡಿ, ಹೊಡಿ" ಅಂತ ಗಂಟಲು ಹರಿದುಕೊಳ್ಳುತ್ತಿದ್ದ. ಅವಳು ನನ್ನನ್ನು ನೋಡಿದಳು. ಮೌತ್‌ಗಾರ್ಡ್ ಉಗಿದು ರೆಫರಿಗೆ ಏನೋ ಹೇಳಿದಳು. ಜನರ ಗಲಾಟೆ, ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. ಅವನು ಕಿವಿ ಹತ್ತಿರ ತಂದ. ಮೂರನೇ ಸಲ ಕಿರುಚಿದಳು, "ನಾನು ತಟ್ಟಿದೀನಿ, ಸೋತಿದೀನಿ ಅಂತಿದೀನಿ. ಎಷ್ಟು ಸಲ ಹೇಳ್ಬೇಕು ನಿಮ್ಗೆ?"

ಹಾಗೆ ಗೆದ್ದೆ. ನಿಂತಲ್ಲೇ ಅತ್ತುಬಿಟ್ಟೆ.

ಅತ್ತೆಯ ಪುಸ್ತಕ ಈ ಸಲ ಕದಿಯಬೇಕಾಗಲಿಲ್ಲ, ಅವರೇ ತೋರಿಸಿದರು. ನನಗೆ ಮೂವತ್ತೈದು. ಜಸ್ಟ್ ಪಾಸ್. "ಗಂಟೆ ಹೊಡೆಯೋಕೆ ಮುಂಚೆ ಮತ್ತೆ ಪತ್ರಿಕೆ ಕೊಟ್ಟು ಎದ್ದೆಯಲ್ಲ." ಕತ್ತರಿಗೆ ನೂರಕ್ಕೆ ನೂರು. ಮೂವತ್ತು ವರ್ಷದ ನೌಕರಿಯಲ್ಲಿ ಯಾರಿಗೂ ಅಷ್ಟು ಕೊಟ್ಟಿರಲಿಲ್ಲವಂತೆ. ಇವರು ಗಾಡಿ ಓಡಿಸುತ್ತಾ ದಾರಿಯುದ್ದಕ್ಕೂ ನಗುತ್ತಿದ್ದರು.

ಮೇ 23, ಶುಕ್ರವಾರ

ಹೊಸ ಕರಾರು ಬಂತು. ಮೂರು ಫೈಟ್. ಸಹಿ ಮಾಡಿದೆ, ಪೆನ್ನು ಕೊಟ್ಟ ಗುಮಾಸ್ತನ ಬೆನ್ನೂ ತಟ್ಟಿ ಬಂದೆ.

ಮಧ್ಯಾಹ್ನ ಕತ್ತರಿಯ ಫೋನ್. ಮೊದಲು ಕೆಮ್ಮಿದಳು. ಅವಳ ಕೋಚ್ ಅವಳನ್ನು ಜಿಮ್‌ನಿಂದ ಆಚೆ ಹಾಕಿದ್ದಾನೆ. ಗೆಲ್ಲುವ ಫೈಟನ್ನು ಬಾಯಾರೆ ಬಿಟ್ಟುಕೊಟ್ಟವಳು ನನಗೆ ಬೇಡ ಅಂದನಂತೆ. "ಬೇರೆ ಜಿಮ್‌ನೋರು ಫೋನೇ ಎತ್ತಲ್ಲ. ನಿಮ್ಮಲ್ಲಿ… ಸುಮ್ನೆ ಕೇಳ್ತಿದೀನಿ."

ರೆಫರಿಗೆ ಯಾಕೆ ಹಾಗೆ ಹೇಳಿದೆ ಅಂತ ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅವಳೇ ಹೇಳಿದಳು, "ನಾನು ತಟ್ಟಿದ ತಕ್ಷಣ ನೀವು ಬಿಟ್ರಿ ಅಕ್ಕಾ. ಇನ್ನೊಂದು ಚೂರು ಎಳೆದಿದ್ರೆ ಕೈ ಮುರೀತಿತ್ತು."

ಸೋಮವಾರ ಆರಕ್ಕೆ ಬಾ ಅಂದೆ. ಕೋಚ್‌ಗೆ ಆಮೇಲೆ ಹೇಳಿದೆ. ಬೈದರು. ಬೈದು ಮುಗಿಸಿ, ಅವಳ ಮೊಣಕೈ ಹೇಗಿದೆ ಅಂತ ಕೇಳಿದರು.

ಮೇ 26, ಸೋಮವಾರ, ಬೆಳಿಗ್ಗೆ 5.50

ಜಿಮ್‌ನ ಬೆಂಚ್ ಮೇಲೆ ಕೂತು ಬರೆಯುತ್ತಿದ್ದೇನೆ. ಹತ್ತು ನಿಮಿಷ ಮುಂಚೆಯೇ ಬಂದಿದ್ದಾಳೆ. ಮೊಣಕೈಗೆ ಪಟ್ಟಿ, ಹೆಗಲಿಗೆ ಬ್ಯಾಗ್. ಮ್ಯಾಟಿನ ಅಂಚಲ್ಲೇ ನಿಂತಿದ್ದಾಳೆ, ಕಾಲಿಡುತ್ತಿಲ್ಲ. ನಮ್ಮ ಹುಡುಗಿಯರು ಅವಳನ್ನೇ ನೋಡುತ್ತಿದ್ದಾರೆ, ಯಾರೂ ಹತ್ತಿರ ಹೋಗುತ್ತಿಲ್ಲ. ನನ್ನ ಕಡೆ ನೋಡಿ ಅರ್ಧ ನಕ್ಕಳು. ಮೊದಲ ದಿನ ಅಂದರೆ ಏನು ಅಂತ ನನಗೆ ಗೊತ್ತಿಲ್ಲದ್ದೇ?

ಕೋಚ್ ಕೂಗುತ್ತಿದ್ದಾರೆ, "ಇವತ್ತು ಇವಳಿಗೆ ಜೋಡಿ ಯಾರು?"

ನಾನೇ. ಬೇರೆ ಯಾರಿಗೂ ಬಿಟ್ಟುಕೊಡಲ್ಲ. ಮೊದಲು ಹೋಗಿ ಆ ಬೆನ್ನು ತಟ್ಟಬೇಕು.