ಉಪ್ಪಾಗೆಯೂ ದೇಶದ ಆದಾಯವೂ

ಬಿಳಗಿ, ಸಿದ್ದಾಪುರ ತಾಲ್ಲೂಕು
೯ ಸೆಪ್ಟೆಂಬರ್ ೧೯೯೯

ಪ್ರೀತಿಯ ದೇವಕಿ ಅಕ್ಕಾ,

ಅಪ್ಪ ಉಪ್ಪಾಗೆ ಮರದಿಂದ ಬಿದ್ದು ತಿಂಗಳ ಮೇಲಾಯಿತು. ನಿನಗೆ ತಿಳಿಸಬೇಡ ಎಂದವನು ಅವನೇ. ಓದು ಬಿಟ್ಟು ಓಡಿ ಬರುತ್ತೀಯೆಂಬ ಭಯ ಅವನಿಗೆ. ಇನ್ನು ಮುಚ್ಚಿಡುವುದು ನನ್ನಿಂದಾಗದು. ಜೀವಕ್ಕೆ ಅಪಾಯವಿಲ್ಲ, ಆದರೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ನೀನು ಹೇಗಿದ್ದೀಯ? ಧಾರವಾಡದ ನೀರಿಗೆ ಬಂದಿದ್ದ ಕೆಮ್ಮು ಹೋಯಿತೇ? ಹಾಸ್ಟೆಲಿನಲ್ಲಿ ಊಟ ಬಿಡಬೇಡ.

ಉಪ್ಪಾಗೆಯಿಂದ ದೇಶದ ಆದಾಯಕ್ಕೆ ಏನು ಸೇರುತ್ತದೆ, ತರಗತಿಯಲ್ಲಿ ಮಾತಾಡಬೇಕು, ಕಂಡದ್ದನ್ನು ಬರೆ ಎಂದಿದ್ದೆಯಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನನ್ನು ಕೇಳಿದ್ದೀಯ, ಇರಲಿ. ಹಣ್ಣಿನ ಒಣಸಿಪ್ಪೆ ಹೊರದೇಶಕ್ಕೆ ಹೋಗುತ್ತದೆ, ಅಲ್ಲಿ ಮೈ ಕರಗಿಸುವ ಮಾತ್ರೆ ಮಾಡುತ್ತಾರಂತೆ. ಮೊದಲು ಹಣ್ಣು ಹಳದಿಯಾಗಿ ಉದುರಿದ ಮೇಲೆ ಹೆಕ್ಕುತ್ತಿದ್ದೆವು. ದರ ಏರಿದ ಮೇಲೆ ಕಾಯುವವರೇ ಇಲ್ಲ. ಈ ವರ್ಷ ಕಾಯಿಯಿರುವಾಗಲೇ ಊರೆಲ್ಲ ಮರ ಹತ್ತಿತು. ಕೆಲವರು ಕೊಂಬೆಯನ್ನೇ ಕಡಿದರು. ಹಣ್ಣಾಗಲೆಂದು ಅಪ್ಪ ಕೆಲವು ದಿನ ಕಾದ. ಆಮೇಲೆ, "ನಾವ್ ಬಿಟ್ರೆ ಅವ್ರೇನು ಬಿಡ್ತ್ರಾ?" ಎನ್ನುತ್ತ ಮಳೆಯಲ್ಲೇ ಹತ್ತಿದ. ಪಾಚಿಗೆ ಕಾಲು ಜಾರಿತು. ಎಳೆಗಾಯಿಯ ಸಿಪ್ಪೆ ಬೆಂಕಿಯ ಮೇಲೆ ಒಣಗಿ ಕಾಗದದಷ್ಟು ತೆಳ್ಳಗಾಯಿತು, ಎಲ್ಲರ ಮನೆಯದ್ದೂ ಹಾಗೇ. ವ್ಯಾಪಾರಿ ಮೂಸಿಯೂ ನೋಡಲಿಲ್ಲ. ಒಬ್ಬ ಮಾಡಿದರೆ ಲಾಭವಾಗುವುದು ಎಲ್ಲರೂ ಮಾಡಿದರೆ ನಷ್ಟವಾಗಬಹುದು ಎಂದು ರಜೆಯಲ್ಲಿ ನೀನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ನಾವು ಅದನ್ನು ಕಾಡಿನಲ್ಲಿ ಮಾಡಿ ಮುಗಿಸಿದೆವು.

ಇನ್ನು ಆದಾಯದ ಮಾತು. ಅಪ್ಪನನ್ನು ಒಯ್ದ ಜೀಪಿನ ಬಾಡಿಗೆ, ಹುಬ್ಬಳ್ಳಿಯ ಆಸ್ಪತ್ರೆ, ಔಷಧ, ಎಲ್ಲವೂ ನಿನ್ನ ಪುಸ್ತಕದ ಪ್ರಕಾರ ದೇಶದ ಆದಾಯಕ್ಕೆ ಸೇರುತ್ತವೆ. ಅಮ್ಮ ಬೇರೆಯವರ ಗದ್ದೆಯಲ್ಲಿ ಕಳೆ ಕಿತ್ತರೆ ಅದೂ ಸೇರುತ್ತಿತ್ತು. ಈಗ ಕೂಲಿ ಬಿಟ್ಟು ಅಪ್ಪನ ಮಗ್ಗುಲು ಬದಲಿಸುತ್ತಾಳೆ, ಬೆನ್ನಿನ ಹುಣ್ಣು ತೊಳೆಯುತ್ತಾಳೆ, ಅದು ಸೇರುವುದಿಲ್ಲ. ಇದನ್ನು ಹೇಳಿದಾಗ ಅಪ್ಪ, "ನನ್ನ ಸೊಂಟ ಯಾವ ಲೆಕ್ಕಕ್ಕೆ ಹೋಯ್ತು, ನಿನ್ನ ಅಕ್ಕನ್ ಹತ್ರ ಕೇಳು" ಎಂದು ನಕ್ಕ. ಬಿದ್ದ ಮೇಲೆ ಅವನು ನಕ್ಕದ್ದು ಅದೊಂದೇ ಸಲ. ಅವನೇ ಕೇಳು ಎಂದ ಮೇಲೆ ನಾನು ಮುಚ್ಚಿಡುವುದೇನು? ತರಗತಿಯಲ್ಲಿ ಇದನ್ನು ಇದ್ದ ಹಾಗೇ ಹೇಳು, ಚಂದ ಮಾಡಬೇಡ.

ಅಮ್ಮ ತಲೆಗೆ ಎಣ್ಣೆ ಹಚ್ಚಿಕೋ ಎಂದಿದ್ದಾಳೆ. ಅಪ್ಪ ದಿನವೂ ನಿನ್ನ ಹೆಸರು ಹಿಡಿಯುತ್ತಾನೆ. ಇಬ್ಬರ ಹರಕೆಯೂ ನಿನ್ನ ಮೇಲಿದೆ.

ನಿನ್ನ ತಮ್ಮ,
ಉಲ್ಲಾಸ

ತಾ.ಕ.: ನೀನು ಕಾಲೇಜು ಬಿಟ್ಟು ಬಂದು ಅಪ್ಪನನ್ನು ನೋಡಿಕೊಂಡರೆ ತಾನು ಕೂಲಿಗೆ ಹೋಗಬಹುದು ಎಂದು ಅಮ್ಮ ಬರೆಯಲು ಹೇಳಿದಳು. ಹೇಳಿದ್ದನ್ನು ಬರೆದಿದ್ದೇನೆ. ನೀನು ಬರಬೇಡ. ಅಮ್ಮನ ಕೂಲಿಯಷ್ಟು ನಾನು ಮನೆಗೆ ಕಳಿಸುತ್ತೇನೆ. ಹೊನ್ನಾವರದಲ್ಲಿ ಮೀನಿನ ಬೋಟಿನ ಕೆಲಸ ಸಿಕ್ಕಿದೆ. ಸಮುದ್ರವೆಂದರೆ ನನಗೆ ಹೆದರಿಕೆ, ಅದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.