ಏಳನೆಯ ಬಾಟಲಿಯ ಮೇಣ

ಮಧುಗಿರಿ
22 ಏಪ್ರಿಲ್ 2024

ಓಬಳಯ್ಯ ಮತ್ತು ಓಬಳಮ್ಮನವರ ಮಗಳು, ಮೂವತ್ತಾರು ವರ್ಷ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಓ. ಕದಿರಮ್ಮ ಎಂಬ ನಾನು, ಕೊರಟಗೆರೆಯಲ್ಲಿರುವ ಗೆಳತಿ ವನಜಾಕ್ಷಿಗೆ ಬರೆಯುವ ಪತ್ರ.

ಇದೇನು ಅರ್ಜಿಯ ಧಾಟಿ ಎಂದು ನಗಬೇಡ. ಹೊಳವನಹಳ್ಳಿ ಹೋಬಳಿಯ ಆ ಶಾಲೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕುಳಿತು ಹಾಜರಿ ಪುಸ್ತಕ ತುಂಬಲಾರಂಭಿಸಿ ಮೂವತ್ತೊಂದು ವರ್ಷವಾಯಿತು. ಇನ್ನು ಪರಿಚಯ ಹೇಳಿಕೊಳ್ಳುವ ಅಗತ್ಯವಿಲ್ಲವೆಂದೇ ನಾನೂ ತಿಳಿದಿದ್ದೆ. ಈಗ ಹೇಳಿಕೊಳ್ಳಬೇಕೆನಿಸಿದೆ.

ನೀನು ನಾಲ್ಕು ಸಲ ಕರೆ ಮಾಡಿದೆ, ನಾನು ಎತ್ತಲಿಲ್ಲ. ಕ್ಷಮಿಸು. ಫೋನಿನಲ್ಲಿ ನನ್ನ ಮಾತು ನನ್ನ ಹಿಡಿತದಲ್ಲಿರುತ್ತಿರಲಿಲ್ಲ. ಕಾಗದದ ಮೇಲಾದರೆ ತಪ್ಪಿದ್ದನ್ನು ಹೊಡೆದುಹಾಕಿ ಮತ್ತೆ ಬರೆಯಬಹುದು. ಇದು ಮೂರನೆಯ ಪ್ರತಿ.

ನಿನ್ನ ಮಗಳು ರಕ್ಷಾಗೆ ಏಳು ತಿಂಗಳು ತುಂಬಿತಲ್ಲವೇ? ಬಿಸಿಲಿಗೆ ಹೊರಗೆ ಕಳಿಸಬೇಡ. ನಮ್ಮ ಹಿತ್ತಿಲಲ್ಲಿ ಈ ವರ್ಷ ಟೊಮೆಟೊ ಗಿಡ ಬಾಗುವಷ್ಟು ಬಿಟ್ಟಿತು. ಹಣ್ಣಿನ ಸಿಪ್ಪೆ ಸುಲಿದು ಬಾಟಲಿಗಳಿಗೆ ತುಂಬಿ, ಬಟ್ಟೆ ಹಾಸಿದ ಪಾತ್ರೆಯ ನೀರಿನಲ್ಲಿ ಮುಕ್ಕಾಲು ಗಂಟೆ ಕುದಿಸಿ ಮುಚ್ಚಿಟ್ಟೆ. ಅದರಲ್ಲಿ ಒಂದೂ ಕೆಟ್ಟಿಲ್ಲ. ಕೆಟ್ಟದ್ದು ದೋಸಕಾಯಿ ಉಪ್ಪಿನಕಾಯಿ, ನಾನು ಪ್ರತಿ ವರ್ಷ ನಿನಗೆ ತಲುಪಿಸುವಂಥದ್ದು.

ಅದರ ಬೀಜ ನನ್ನ ತಾಯಿ ಪಾವಗಡದ ತವರಿನಿಂದ ಸೆರಗಿನಲ್ಲಿ ಗಂಟು ಕಟ್ಟಿ ತಂದದ್ದು. ದುಂಡನೆಯ ಹಳದಿ ಸೌತೆ. ಐದು ಬಟ್ಟಲು ಹೋಳಿಗೆ ಒಂದು ಬಟ್ಟಲು ಕುಟ್ಟಿದ ಕಲ್ಲುಪ್ಪು ಎಂಬುದು ಅವರ ಅಳತೆ. ನಾನು ಎಂದೂ ಮೀರಿರಲಿಲ್ಲ. ಕಳೆದ ವರ್ಷ ನೀನು, "ರುಚಿ ಕೇಳ್ಬೇಡ ಕಣೇ! ಉಪ್ಪು ಮಾತ್ರ ಒಂದು ಕೈ ಮುಂದು. ನಮ್ಮನೆಯವರಿಗೆ ಬಿ.ಪಿ. ಬೇರೆ" ಎಂದೆ. ನಿನ್ನ ಮಾತಿಗಾಗಿ ಈ ಸಲ ಅರ್ಧ ಬಟ್ಟಲಿಗೆ ಇಳಿಸಿದೆ. ಎಂದಿನಂತೆ ಹನ್ನೆರಡು ಬಾಟಲಿ ತುಂಬಿ, ಮುಚ್ಚಳದ ಸುತ್ತ ಮೇಣ ಕರಗಿಸಿ ಹಚ್ಚಿ, ಸಂಖ್ಯೆ, ದಿನಾಂಕ ಬರೆದ ಚೀಟಿ ಅಂಟಿಸಿದೆ. ಏಳನೆಯದು ಯಾವಾಗಲೂ ನಿನ್ನದು.

ಯುಗಾದಿಯ ದಿನ ನನ್ನ ಬಾಟಲಿಯ ಮುಚ್ಚಳ ತಿರುಗಿಸಿದರೆ ಒಳಗೆಲ್ಲ ನೊರೆ, ಮೇಲೆ ಬಿಳಿಯ ಬೂಷ್ಟು. ಕೂಡಲೇ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಕರೆ ಮಾಡಿ, ತಿನ್ನಬೇಡಿರೆಂದು ಹೇಳಿದೆ. ನಿನ್ನದನ್ನು ಬಿಟ್ಟು ಬಾಟಲಿ ಹೋದ ಹತ್ತು ಮನೆಯವರಿಗೂ ಅಷ್ಟರಲ್ಲೇ ತಿಳಿದಿತ್ತು. ಬರಗೂರಿನ ಸಣ್ಣರಂಗಯ್ಯ ಮೇಷ್ಟ್ರಂತೂ, "ಏನ್ ತುಂಬ್ ಕೊಟ್ರಿ ಕಣಮ್ಮ? ತಿರುಪ್ತಿದ್ದಂಗೇ ಡಬ್ ಅಂತು! ನಮ್ಮವಳು ಗ್ಯಾಸ್ ಸಿಲಿಂಡ್ರೇ ಹೋಯ್ತು ಅಂತ ಬೀದೀಗ್ ಓಡ್ಬುಟ್ಲು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಕೆಟ್ಟ ಪದಾರ್ಥ ಹೊರಗೆ ಹೋದದ್ದು ಅದೇ ಮೊದಲು.

ನೀನು ಮಾತ್ರ ಬೇರೆ ಉತ್ತರ ಕೊಟ್ಟೆ. "ಕೆಟ್ಟಿತ್ತಾ? ಇಲ್ಲಪ್ಪ, ನಮ್ದು ಚೆನ್ನಾಗೇ ಇತ್ತು. ಮುಗಿದೇ ಹೋಯ್ತು. ರಕ್ಷಾ ಬಸುರಿ ಬಾಯಿಗೆ ಹಿತವಾಗಿದೆ ಅಂತ ಬೆರಳು ಚೀಪಿ ತಿಂದ್ಲು. ಉಪ್ಪೂ ಈ ಸಲ ಹದ" ಎಂದೆ.

ಹೊಟ್ಟೆಯಲ್ಲಿ ಕೂಸಿರುವ ಹುಡುಗಿ ಹುಳಿತದ್ದನ್ನು ರುಚಿಯೆಂದು ತಿಂದುಬಿಟ್ಟಳಲ್ಲ! ನಿನಗೆ ಹೇಳಿದರೆ ಗಾಬರಿಯಾದೀಯೆಂದು ಹೇಳದೆ, ಮರುದಿನ ಬೆಳಗಿನ ಬಸ್ಸಿಗೇ ಕೊರಟಗೆರೆಗೆ ಬಂದೆ. ಅವಳನ್ನು ಡಾಕ್ಟರಲ್ಲಿಗೆ ನಾನೇ ಕರೆದೊಯ್ಯಬೇಕೆಂದುಕೊಂಡಿದ್ದೆ.

ನಿಮ್ಮ ಮನೆಗೆ ಬೀಗ. ಶಿರಾದ ಮದುವೆಗೆ ಹೋಗಿದ್ದಿರಂತೆ. ಅಂಗಳ ತೊಳೆಯುತ್ತಿದ್ದ ಹೆಂಗಸು ತಾನು ಲಕ್ಕಮ್ಮ, ಮನೆಗೆಲಸದವಳು ಎಂದಳು. ನನ್ನ ಹೆಸರು ಕೇಳಿದ್ದೇ ಪೊರಕೆ ಕೆಳಗಿಟ್ಟಳು. "ಮದುಗಿರಿ ಕದಿರಮ್ಮ ಟೀಚ್ರಾ? ಅಯ್ಯೋ, ಏನ್ ಕೈ ಕಣಮ್ಮ ನಿಮ್ದು! ಹತ್ ವರ್ಸದಿಂದ ನಮ್ಮನೇಲಿ ಮುದ್ದೆ ಇಳೀತಿರಾದೇ ನಿಮ್ ಉಪ್ಪಿನಕಾಯ್ನಾಗೆ."

"ನಿನಗೆ ಹೇಗೆ ಸಿಕ್ಕಿತು?" ಎಂದೆ.

"ಅಮ್ಮಾರೇ ಕೊಡ್ತಾರಲ್ಲ. ಬಾಟ್ಲು ಬಂದ ದಿವ್ಸಾನೇ, ಬಾಯಿ ಸೈತ ಬಿಚ್ಚಲ್ಲ. 'ನಿಮ್ಮೋರೇ ಮಾಡಿರಾದು ಕಣೇ ಲಕ್ಕಿ, ತಗೊಂಡೋಗು' ಅಂತಾರೆ. ನಮ್ಮತ್ತೆ ಈ ಮನೇಲಿ ಕೆಲ್ಸಕ್ಕಿದ್ದಾಗ್ಲೂ ಅಂಗೇಯ. ಯಾಕಮ್ಮ ಹಿಂಗ್ ನೋಡ್ತೀರಿ? ಅನ್ಬಾರದ್ದು ಏನಾರ ಅಂದ್ಬುಟ್ನಾ?"

"ಇಲ್ಲಮ್ಮ. ಈ ವರ್ಷದ್ದು ತಿಂದೆಯಾ?"

"ಹಳೇದೇ ಐತೆ, ಮುಗೀಲಿ ಅಂತ ಇಟ್ಟಿವ್ನಿ."

ಅವಳ ಹಿಂದೆ ಅವಳ ಮನೆಗೆ ಹೋದೆ. ನಮ್ಮವರ ಕೇರಿಯೇ, ಹುಡುಕುವ ಕಷ್ಟವಾಗಲಿಲ್ಲ. ಒಲೆಯ ಮೇಲಿನ ಹಲಗೆಯಲ್ಲಿ ಬೇಳೆ, ಖಾರದ ಪುಡಿ, ಸಾಸಿವೆ ತುಂಬಿದ ಬಾಟಲಿಗಳು ಸಾಲಾಗಿ ನಿಂತಿದ್ದವು. ಎಲ್ಲದರ ಮೇಲೂ ನನ್ನ ಕೈಬರಹ, ಎಲ್ಲದರ ಮೇಲೂ ಏಳು. ಕೊನೆಯದು ಈ ವರ್ಷದ್ದು: ಮುಚ್ಚಳ ಉಬ್ಬಿತ್ತು, ಮೇಣ ಮಾತ್ರ ನಾನು ಹಚ್ಚಿದ ಹಾಗೆಯೇ ಇತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು, ಹೊಸದಾಗಿ ಮಾಡಿ ಕಳಿಸುತ್ತೇನೆಂದು ಹೇಳಿ ಹೊರಟೆ. ಆಕೆಯ ಮೇಲೆ ನೀನು ಸಿಟ್ಟಾಗಬಾರದು. ಅವಳು ನನ್ನನ್ನು ಹೊಗಳಿದಳು, ಅಷ್ಟೇ. ಉಂಡು ಹೊಗಳಿದಳು.

ವನಜಾಕ್ಷಿ, ನಾನು ದಾರಿಯುದ್ದಕ್ಕೂ ನಿನ್ನ ಪರವಾಗಿಯೇ ವಾದಿಸಿದೆ. ಮನೆಯಲ್ಲಿ ಅತ್ತೆಯಿದ್ದರು, ಹಳೆಯ ಕಾಲದವರು, ಅವರೆದುರು ನಿನ್ನಿಂದೇನು ಮಾಡಲಾಗುತ್ತಿತ್ತು ಎಂದುಕೊಂಡೆ. ಆದರೆ ಅವರು ತೀರಿಕೊಂಡು ಹದಿನೈದು ವರ್ಷವಾಯಿತು. ಆಮೇಲೆ ಶಾಲೆಯ ಮಧ್ಯಾಹ್ನಗಳು ನೆನಪಾದವು. ನಿನ್ನ ಡಬ್ಬಿಯಿಂದ ನನಗೆ ಧಾರಾಳವಾಗಿ ಬಡಿಸುತ್ತಿದ್ದೆ. ನನ್ನ ಡಬ್ಬಿ ಮುಂದೆ ಮಾಡಿದರೆ, "ನಂಗೆ ಗ್ಯಾಸ್ಟ್ರಿಕ್ ಕಣೇ" ಎನ್ನುತ್ತಿದ್ದೆ. ನಾನು ಅದನ್ನು ಕಾಯಿಲೆಯೆಂದೇ ನಂಬಿ, ನಿನಗಾಗಿ ಜೀರಿಗೆ ಹುರಿದು ಪುಡಿ ಮಾಡಿ ತರುತ್ತಿದ್ದೆ. ಅದನ್ನೇನು ಮಾಡಿದೆಯೋ ಈಗ ಕೇಳುವುದಿಲ್ಲ.

ಬೇರೆಯವರು ಹೀಗೆ ಮಾಡಿದ್ದರೆ ನನಗೆ ಹೊಸದಲ್ಲ. ನನಗೆ ಪ್ರತ್ಯೇಕ ಲೋಟ ಇಟ್ಟವರನ್ನು ಕಂಡಿದ್ದೇನೆ. ಆ ಲೋಟವನ್ನು ಮುಟ್ಟದೆ ಎದ್ದು ಬಂದಿದ್ದೇನೆ. ಅವರು ಯಾರೆಂದು ನನಗೆ ಗೊತ್ತಿತ್ತು. ಆದರೆ ನನಗೆ ಟೈಫಾಯಿಡ್ ಬಂದಾಗ ತುಮಕೂರಿನ ಆಸ್ಪತ್ರೆಯಲ್ಲಿ ಮೂರು ದಿನ ಕುಳಿತು ನನ್ನ ವಾಂತಿ ಬಳಿದದ್ದು ನಿನ್ನ ಕೈ. ಅದೂ ಸುಳ್ಳಲ್ಲ. ನನ್ನ ವಾಂತಿಗೆ ಹೇಸದ ಕೈ ನನ್ನ ಉಪ್ಪಿನಕಾಯಿಯನ್ನು ಬಾಯಿಗಿಡಲಿಲ್ಲ ಎಂಬುದನ್ನು ಹೇಗೆ ಅರ್ಥ ಮಾಡಿಕೊಳ್ಳಲಿ? ಮಕ್ಕಳಿಗೆ ಎಷ್ಟೋ ಕಠಿಣ ಪಾಠ ಬಿಡಿಸಿ ಹೇಳಿದವಳು, ಇದನ್ನು ನನಗೆ ನಾನೇ ಬಿಡಿಸಿ ಹೇಳಿಕೊಳ್ಳಲಾರದೆ ಕುಳಿತಿದ್ದೇನೆ.

ಕ್ಷಮೆ ಬೇಡ. ವಿವರಣೆಯೂ ಬೇಡ. ಒಂದೇ ಒಂದು ಪ್ರಶ್ನೆ: ಈ ಮೂವತ್ತು ವರ್ಷಗಳಲ್ಲಿ ನನ್ನ ಕೈಯಡುಗೆಯನ್ನು ಒಂದು ಸಲವಾದರೂ, ಒಂದು ತುತ್ತಾದರೂ ತಿಂದಿರುವೆಯಾ? ಹೌದು ಅಥವಾ ಇಲ್ಲ, ಇಷ್ಟೇ ಬರೆ. ಇಲ್ಲವೆಂದು ನಿಜ ಬರೆದರೆ ನಾವು ಮತ್ತೆ ಮಾತನಾಡಬಹುದೇನೋ. ಹೌದೆಂದು ಇನ್ನೊಂದು ಸುಳ್ಳು ಬರೆದರೆ ನನ್ನಿಂದಾಗದು.

ಈ ವಾರ ಹೊಸ ಕಾಯಿ ಕೊಯ್ದು ಮತ್ತೆ ಹಾಕಿದ್ದೇನೆ. ಉಪ್ಪು ನನ್ನ ತಾಯಿಯ ಅಳತೆಯದೇ. ಇನ್ನು ಯಾರ ಮಾತಿಗೂ ಇಳಿಸುವುದಿಲ್ಲ.

ರಕ್ಷಾಗೆ ಸುಖಪ್ರಸವವಾಗಲಿ. ತಾಯಿ ಮಗು ಇಬ್ಬರೂ ನೂರು ಕಾಲ ಬಾಳಲಿ. ಈ ಹಾರೈಕೆಯಲ್ಲಿ ಒಂದಿಷ್ಟೂ ಕಹಿಯಿಲ್ಲ, ನಂಬು.

ಇಂತು,
ಓ. ಕದಿರಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಲಕ್ಕಮ್ಮನ ಮನೆಯ ಆ ಹಲಗೆಯ ಮೂಲೆಯಲ್ಲಿ ಉಪ್ಪು ತುಂಬಿದ ಸಣ್ಣ ಪಿಂಗಾಣಿ ಜಾಡಿಯೊಂದಿತ್ತು. ಎತ್ತಿ ನೋಡಿದೆ. ತಳದಲ್ಲಿ ಮೊಳೆಯಿಂದ ಗೀಚಿದ ಮೂರು ಗೆರೆ. ಓದು ಬಾರದ ನನ್ನ ತಾಯಿ ತನ್ನ ಪಾತ್ರೆಗಳಿಗೆ ಹಾಕುತ್ತಿದ್ದ ಗುರುತು. 1994ರಲ್ಲಿ ಅವರು ನಿನಗೆಂದೇ ಆ ಜಾಡಿ ಕೊಂಡು, ತುಂಬಿ ಕಳಿಸಿದ್ದರು. ನೀನು ಅವರಿಗೊಂದು ಕಾಗದ ಬರೆದೆ: ಮನೆಮಂದಿಯೆಲ್ಲ ಚಪ್ಪರಿಸಿ ತಿಂದರು, ಜಾಡಿ ಮಾತ್ರ ಕೈತಪ್ಪಿ ಒಡೆಯಿತು ಎಂದು. ನಾನೇ ಓದಿ ಹೇಳಿದ್ದೆ. "ತಿಂದಾದ್ಮೇಲೆ ತಾನೇ ಒಡ್ದಿದ್ದು, ಬುಡು" ಎಂದು ನಕ್ಕಿದ್ದರು. ಮುಂದೆ ಹದಿನೇಳು ವರ್ಷ, ಸಾಯುವವರೆಗೂ, ಮನೆಗೆ ಬಂದವರಿಗೆಲ್ಲ ಆ ಕಾಗದವನ್ನು ಟ್ರಂಕಿನಿಂದ ತೆಗೆದು ನನ್ನ ಕೈಲಿ ಓದಿಸಿದರು. ಎಷ್ಟು ಸಲ ಓದಿದೆನೋ, ವನಜಾ. ನನ್ನದೇ ದನಿಯಲ್ಲಿ.

ಲಗತ್ತುಗಳು:
1. ಬಾಟಲಿ ಸಂಖ್ಯೆ 7ರ ಚೀಟಿ, ಮೇಣದ ಚೂರು ಸಹಿತ.
2. ನನ್ನ ತಾಯಿಗೆ ನೀನು ಬರೆದ ಕಾಗದ, ಮಡಿಕೆಗಳಲ್ಲಿ ಹರಿದಿದೆ. ಹಿಂದಿರುಗಿಸಬೇಕಾಗಿಲ್ಲ.
3. ನನ್ನ ವಿಳಾಸ ಬರೆದ ಅಂಚೆ ಕಾರ್ಡು, ಒಂದು. ಹಿಂಬದಿ ಖಾಲಿ.